ಪೂರ್ವಕ್ಕೆ ಬಾಗಿಲಿಟ್ಟ ಶೌಚಾಲಯ

ಪುರಸಭೆಯೊಂದರಲ್ಲಿ ಹೊಸದಾಗಿ ಆರೋಗ್ಯ ನಿರೀಕ್ಷಕಿಯಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. ನಾನು ಅದೇ ಹುದ್ದೆಯಿಂದ ನಿವೃತ್ತಳಾದವಳು ಎಂದು ಯಾರೋ ನನ್ನ ನಂಬರು ಕೊಟ್ಟಿದ್ದರಂತೆ. “ಮೇಡಂ, ಮುಂದಿನ ವಾರ ಕೌನ್ಸಿಲ್ ಮೀಟಿಂಗು. ಏನೇನು ತಯಾರಿ ಮಾಡ್ಕೊಂಡು ಹೋಗ್ಬೇಕು?” ಎಂದಳು. “ಬೆಳಗ್ಗೆಯಿಂದ ನೀರು ಕುಡೀದೆ ಹೋಗಮ್ಮ” ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಫೋನಿಟ್ಟ ಮೇಲೆ ಅವಳಿಗೆ ವಿವರವಾಗಿ ಹೇಳಬೇಕಿತ್ತು ಅನ್ನಿಸಿತು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನನಗೆ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಬಸ್ಸುಗಳು ಬಂದು ಹೋಗುವ ಒಂದು ಸಣ್ಣ ಊರು, ಅಲ್ಲೊಂದು ಪುರಸಭೆ ಎಂದುಕೊಳ್ಳಿ. ಹೆಸರು ಹೇಳಿದರೆ ಆ ಒಂದು ಊರಿನವರು ಮಾತ್ರ ನಾಚಿಕೆ ಪಡುತ್ತಾರೆ. ಹೇಳದಿದ್ದರೆ ಎಲ್ಲ ಊರಿನವರೂ ಒಂದಿಷ್ಟು ಪಡಲಿ.

ಆರೋಗ್ಯ ನಿರೀಕ್ಷಕಿ ಎಂದರೆ ಆಸ್ಪತ್ರೆಯ ಕೆಲಸ ಎಂದು ನೆಂಟರೆಲ್ಲ ತಿಳಿದಿದ್ದರು. ನಿಜವಾಗಿ ನನ್ನದು ಕಸ, ಚರಂಡಿ, ಸೊಳ್ಳೆಯ ಹೊಗೆ, ಹೋಟೆಲ್ ಲೈಸೆನ್ಸು, ಸತ್ತ ನಾಯಿ ಇವುಗಳ ಕೆಲಸ. ಇದರ ಜೊತೆಗೆ ತಿಂಗಳ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬೈಸಿಕೊಳ್ಳುವ ಕೆಲಸ. ಮೊದಲ ಸಭೆಗೆ ಹೋದಾಗ ನನಗೆ ಯಾರು ಸದಸ್ಯರು, ಯಾರು ಅಲ್ಲ ಎಂಬುದೇ ತಿಳಿಯಲಿಲ್ಲ. ಮೀಸಲಾತಿಯಿಂದಾಗಿ ಸದಸ್ಯರಲ್ಲಿ ಹೆಂಗಸರು ಬೇಕಾದಷ್ಟು ಜನ ಇದ್ದರು. ಅವರೆಲ್ಲ ಒಳ್ಳೆಯ ಸೀರೆ ಉಟ್ಟು ಬಂದು, ಹಾಜರಿಗೆ ರುಜು ಹಾಕಿ, ಕಾಫಿ ಕುಡಿದು, ಸ್ವಲ್ಪ ಹೊತ್ತಿಗೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಅವರ ಕುರ್ಚಿಗಳಲ್ಲಿ ಅವರ ಗಂಡಂದಿರು ಕೂತರು. ಒಬ್ಬಾಕೆಯ ಕುರ್ಚಿಯಲ್ಲಿ ಮೈದುನ ಕೂತಿದ್ದ. ಚರ್ಚೆ, ಕೂಗಾಟ, ತೀರ್ಮಾನ ಎಲ್ಲವೂ ಅವರದೇ. ಇದನ್ನು ತಪ್ಪು ಎಂದು ಯಾರೂ ಅಂದುಕೊಂಡಿರಲಿಲ್ಲ. ಅಟೆಂಡರು ಕೂಡ ಕಾಫಿ ಲೋಟಗಳನ್ನು ಎರಡು ಸರದಿಗೆ ಲೆಕ್ಕ ಹಾಕಿಯೇ ತರುತ್ತಿದ್ದ, ಮೊದಲು ಹೆಂಗಸರಿಗೆ, ಆಮೇಲೆ ಗಂಡಂದಿರಿಗೆ.

ಈ ಹೆಂಗಸರಿಗೆ ಊರಿನ ಕೆಲಸದಲ್ಲಿ ಆಸಕ್ತಿಯಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ನಿಜವಾದ ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕೌನ್ಸಿಲ್ ಕೆಲಸವನ್ನೇ ಮಾಡುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಕೆಂದಾಗ ಬಿರುಸಾಗಿಯೇ ಮಾಡುತ್ತಿತ್ತು. ಒಂದು ಸಲ ಕೋತಿಗಳ ಹಿಂಡು ಉಪಾಧ್ಯಕ್ಷರ ಮನೆಗೆ ನುಗ್ಗಿ ಹಬ್ಬದ ಒಬ್ಬಟ್ಟನ್ನೆಲ್ಲ ಹೊತ್ತುಕೊಂಡು ಹೋಯಿತು. ಅಜೆಂಡಾದಲ್ಲಿ ಇಲ್ಲದಿದ್ದರೂ ಮಾರನೆಯ ದಿನದ ಸಭೆಯಲ್ಲಿ ಅದೇ ಮೊದಲ ವಿಷಯ. ಕೋತಿ ಹಿಡಿಯುವವರು ಬಂದರು, ಬೋನು ಬಂತು, ಲಾರಿ ಬಂತು. ಹಿಡಿದ ಕೋತಿಗಳನ್ನು ಕಾಡಿಗೆ ಬಿಡಬೇಕೆಂದು ತೀರ್ಮಾನವಾಗಿತ್ತು. ಲಾರಿಯವನು ಅಷ್ಟು ದೂರ ಹೋಗಲು ಬೇಜಾರಾಗಿ ಪಕ್ಕದ ಊರಿನ ತೋಪಿನಲ್ಲಿ ಬಿಟ್ಟು ಬಂದ. ಕೆಲವು ದಿನಗಳಲ್ಲಿ ಆ ಊರಿನವರು ಅದೇ ಕೋತಿಗಳನ್ನು ಹಿಡಿಸಿ ನಮ್ಮ ಗಡಿಯಲ್ಲಿ ಬಿಟ್ಟು ಹೋದರು. ಬಾಲ ತುಂಡಾಗಿದ್ದ ಒಂದು ಗಡವ ಕೋತಿಯನ್ನು ನಾನೇ ಗುರುತು ಹಿಡಿದೆ. ಈ ಬಗ್ಗೆ ಎಷ್ಟೋ ದಿನ ನಾವೆಲ್ಲ ನಕ್ಕಿದ್ದೇವೆ. ಆದರೆ ಒಬ್ಬಟ್ಟಿಗಾಗಿ ಒಂದೇ ದಿನದಲ್ಲಿ ಆದ ಆ ತೀರ್ಮಾನ ನೆನಪಾದಾಗಲೆಲ್ಲ ಈಗ ನನಗೆ ಮೈ ಉರಿಯುತ್ತದೆ. ಏಕೆಂದರೆ ಮುಂದಿನ ವಿಷಯ ಹಾಗೆ ಬಗೆಹರಿಯಲಿಲ್ಲ.

ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ತರಕಾರಿ ಮಾರ್ಕೆಟ್ಟು. ಅದರ ಕಾಂಪೌಂಡಿನ ಉದ್ದಕ್ಕೂ ಸೊಪ್ಪು ಮಾರುವ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಸುತ್ತಲ ಹಳ್ಳಿಗಳಿಂದ ಮೊದಲ ಬಸ್ಸಿಗೆ ಗಂಟು ಹೊತ್ತು ಬಂದರೆ, ಕತ್ತಲಾಗುವ ಮುಂಚಿನ ಬಸ್ಸಿಗೆ ವಾಪಸ್ಸು. ಅವರಲ್ಲಿ ಕೆಂಪಮ್ಮ ಎಂಬಾಕೆ ಎಲ್ಲರಿಗಿಂತ ಬಾಯಿ ಜೋರು. ಫುಟ್‌ಪಾತ್ ಬಿಡಿಸಲು ನಾನು ಹೋದಾಗಲೆಲ್ಲ ನನ್ನ ಮೇಲೆ ಹರಿಹಾಯುತ್ತಿದ್ದವಳು ಅವಳೇ. “ಎತ್ತಾಕವ್ವ, ಎತ್ತಾಕು. ದಂಟು, ಕೀರೆ, ಸಬ್ಬಸಿಗೆ ಎಲ್ಲಾನೂ ಎತ್ತಾಕು. ನಿಮ್ಮನೇಲಿ ಸಾರಿಗಾದ್ರೂ ಆಯ್ತದೆ” ಎನ್ನುತ್ತಿದ್ದಳು. ಹಾಗೆ ಜಗಳದಿಂದಲೇ ನಮಗೆ ಸಲಿಗೆ ಬೆಳೆಯಿತು. ಅವಳ ಪಕ್ಕದಲ್ಲಿ ಒಂದು ಬಕೆಟ್ ನೀರು ಇರುತ್ತಿತ್ತು. ಸೊಪ್ಪು ಬಾಡದಂತೆ ಬೆಳಗಿನಿಂದ ಸಂಜೆಯವರೆಗೆ ಚಿಮುಕಿಸುತ್ತಲೇ ಇರುತ್ತಿದ್ದಳು. ತಾನು ಮಾತ್ರ ಒಂದು ಗುಟುಕೂ ಕುಡಿಯುತ್ತಿರಲಿಲ್ಲ.

ಅದನ್ನು ನಾನು ಗಮನಿಸಿದ್ದು ಒಂದು ಸಂತೆಯ ದಿನ ಅವಳು ಸೊಪ್ಪಿನ ಮೇಲೇ ತಲೆ ತಿರುಗಿ ಬಿದ್ದಾಗ. ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೈ ಕೆಂಡದಂತೆ ಸುಡುತ್ತಿತ್ತು. ಮೂತ್ರದ ಸೋಂಕು, ಇದು ಮೊದಲನೆಯ ಸಲ ಬಂದದ್ದಲ್ಲ ಎಂದರು ಡಾಕ್ಟರು. “ನೀರು ಚೆನ್ನಾಗಿ ಕುಡೀಬೇಕಮ್ಮ” ಎಂದು ಸ್ವಲ್ಪ ಗದರಿಕೊಂಡೇ ಹೇಳಿದರು. ಕೆಂಪಮ್ಮ ಆ ಜ್ವರದಲ್ಲೂ ಸುಮ್ಮನಾಗಲಿಲ್ಲ.

“ಕುಡುದ್ರೆ ಉಚ್ಚೆ ಬತ್ತದೆ ಡಾಕ್ಟ್ರೆ. ಬಂದ್ರೆ ಎಲ್ಲಿಗ್ ಓಗ್ಲಿ? ನಿಮ್ ಆಸ್ಪತ್ರೆಗ್ ಬರ್ಲಾ?”

ಡಾಕ್ಟರು ನನ್ನ ಮುಖ ನೋಡಿದರು. ಪುರಸಭೆಯವಳು ನಾನೇ ತಾನೇ.

ಮಾರ್ಕೆಟ್ಟಿನಲ್ಲಿ ಗಂಡಸರಿಗೆ ಮೂತ್ರಾಲಯ ಇತ್ತು. ಇಲ್ಲದಿದ್ದ ಕಡೆ ಗೋಡೆಗಳಿದ್ದವು. ಹೆಂಗಸರು ಮೊದಲು ಪ್ರವಾಸಿ ಮಂದಿರದ ಹಿಂದಿನ ಬಳ್ಳಾರಿ ಜಾಲಿಯ ಪೊದೆಗಳಿಗೆ ಹೋಗುತ್ತಿದ್ದರಂತೆ. ಊರಿನ ಅಂದ ಕೆಡುತ್ತದೆ ಎಂದು ಕೌನ್ಸಿಲ್ಲೇ ತೀರ್ಮಾನಿಸಿ ಆ ಪೊದೆಗಳನ್ನು ಕಡಿಸಿ ಅಲ್ಲಿ ಅಂಗಡಿ ಮಳಿಗೆ ಕಟ್ಟಿಸಿತ್ತು. ಆ ಪೊದೆಗಳ ಹಿಂದೆ ಯಾರು ಹೋಗುತ್ತಿದ್ದರು, ಇನ್ನು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ಆ ಸಭೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳಬಹುದಾಗಿದ್ದವರು ಕಾಫಿ ಕುಡಿದು ಮನೆಗೆ ಹೋಗಿದ್ದರು.

ನಾನು ಮಹಿಳಾ ಶೌಚಾಲಯದ ವಿಷಯವನ್ನು ಅಜೆಂಡಾಕ್ಕೆ ಸೇರಿಸಿದೆ. ಸರ್ವಾನುಮತದಿಂದ ಪಾಸಾಯಿತು. ನನಗೆ ಖುಷಿಯೋ ಖುಷಿ. ಹೊಸಬರಿಗೆ ನಾನು ಮೊದಲು ಹೇಳಬೇಕಾದದ್ದು ಇದನ್ನೇ, ಸರ್ವಾನುಮತ ಎಂಬ ಪದ ಕೇಳಿದರೆ ಎಚ್ಚರವಾಗಿರಿ. ಯಾರಾದರೂ ವಿರೋಧಿಸಿದರೆ ಆ ಕೆಲಸ ನಡೆಯಬಹುದೆಂಬ ಭಯ ಅವರಿಗಿದೆ ಎಂದರ್ಥ. ಯಾರೂ ವಿರೋಧಿಸದಿದ್ದರೆ ಅದು ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದೆ.

ಮೊದಲು ಮಾರ್ಕೆಟ್ಟಿನ ಬಾಗಿಲಲ್ಲೇ ಜಾಗ ಗುರುತಾಯಿತು. ಸ್ಥಳ ಪರಿಶೀಲನೆಗೆ ಜೀಪಿನ ತುಂಬ ಗಂಡಸರು ಬಂದರು. ಹೆಂಗಸು ಎಂದರೆ ನಾನೊಬ್ಬಳೇ. ಪಕ್ಕದಲ್ಲಿ ಹೋಟೆಲ್ ಇಟ್ಟಿದ್ದ ಸದಸ್ಯರು ಮುಖ ಸಿಂಡರಿಸಿದರು. “ಏನ್ ಮೇಡಂ, ಇಡ್ಲಿ ತಿನ್ನೋರ್ ಮೂಗಿಗೆ ಅದುನ್ ತಂದು ಮಡಗ್ತೀರಾ?”

“ಗಂಡಸರ ಮೂತ್ರಾಲಯ ನಿಮ್ಮ ಹೋಟೆಲ್ ಗೋಡೆಗೇ ಅಂಟಿಕೊಂಡಿದೆಯಲ್ಲ ಸಾರ್?”

“ಅದು ಅಳೇದು ಬುಡಿ. ಅಭ್ಯಾಸ ಆಗೋಗದೆ.”

ಜಾಗ ಬದಲಾಯಿತು, ಸರ್ವಾನುಮತದಿಂದ. ಎರಡನೆಯ ಜಾಗದಿಂದ ಒಂದು ಗುಡಿಯ ಗೋಪುರ ಕಾಣುತ್ತಿತ್ತು. ಗುಡಿಯ ಎದುರು ಹೆಂಗಸರ ಕಕ್ಕಸು ಕಟ್ಟುವುದೇ ಎಂದು ಗಲಾಟೆಯಾಯಿತು. ಆ ಗುಡಿಯ ಹಿಂದೆಯೇ ಗಂಡಸರು ಗೋಡೆಗೆ ನಿಂತಿರುತ್ತಾರೆ ಎಂದು ನಾನು ಹೇಳಿದ್ದಕ್ಕೆ, ಹೆಣ್ಣಾಗಿ ಇಂಥ ಮಾತಾಡುತ್ತೀರಲ್ಲ ಎಂದು ನನಗೇ ಬುದ್ಧಿ ಹೇಳಿದರು. ಆಗಿನ ಮುಖ್ಯಾಧಿಕಾರಿಗಳು ನಿವೃತ್ತಿಯ ಅಂಚಿನಲ್ಲಿದ್ದವರು, ಯಾರ ಕೋಪಕ್ಕೂ ಸಿಗದೆ ಮನೆ ಸೇರಿದರೆ ಸಾಕೆಂದಿದ್ದವರು. “ಯಾಕಮ್ಮ ಬೇಜಾರು ಮಾಡ್ಕೋತೀಯ? ಪಾಸಂತೂ ಆಗಿದೆಯಲ್ಲ. ಪಾಸಾದ್ರೆ ಅರ್ಧ ಕೆಲಸ ಆದ ಹಾಗೆ” ಎಂದರು. ಕೆಂಪಮ್ಮನಿಗೆ ಅರ್ಧ ಕೆಲಸದಿಂದ ಏನು ಮಾಡಬೇಕೆಂದು ಅವರನ್ನು ಕೇಳಬೇಕೆನಿಸಿತು. ಕೇಳಲಿಲ್ಲ, ಬಾಗಿಲು ದಡ್ಡೆಂದು ಎಳೆದುಕೊಂಡು ಬಂದೆ.

ಈ ನಡುವೆ ನಮ್ಮ ಊರು ಬಯಲು ಶೌಚ ಮುಕ್ತವಾಗಿದೆ ಎಂದು ಘೋಷಿಸುವ ಕಾಲ ಬಂತು. ಆ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಮೊದಲೆಲ್ಲ ಟಾಂಟಾಂ ಹೊಡೆಸಿ ಸುದ್ದಿ ಸಾರುತ್ತಿದ್ದೆವು, ಮೇಲಿನವರು ಬಂದರೆ ಕರೆದುಕೊಂಡು ಹೋಗಿ ಚರಂಡಿ ತೋರಿಸಬೇಕಿತ್ತು. ಈಗ ಫೋಟೋ ತೆಗೆದು, ಅದರಲ್ಲಿ ಜಾಗದ ಗುರುತು ಬರುವಂತೆ ಮಾಡಿ, ಮೊಬೈಲಿನಲ್ಲೇ ಮೇಲಕ್ಕೆ ಕಳಿಸಬೇಕು. ಫೋಟೋದಲ್ಲಿ ಇದ್ದರೆ ಊರಲ್ಲಿ ಇದ್ದ ಹಾಗೆ. ಮಹಿಳಾ ಶೌಚಾಲಯದ ಫೋಟೋ ಬೇಕೆಂದಾಗ ಬಸ್ ಸ್ಟ್ಯಾಂಡಿನ ಗಂಡಸರ ಶೌಚಾಲಯಕ್ಕೆ ಹೆಂಗಸಿನ ಚಿತ್ರದ ಬೋರ್ಡು ತಗುಲಿಸಿ, ನಮ್ಮ ಪೌರಕಾರ್ಮಿಕ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಕಳಿಸಿದರು. ಇದನ್ನು ನನ್ನ ಕೈಯಲ್ಲಿ ಮಾಡಿಸಲಾಗಲಿಲ್ಲ, ನಾನು ರಜೆ ಹಾಕಿದ ದಿನ ನೋಡಿ ಮಾಡಿದರು. ಊರ ಬಾಗಿಲಲ್ಲಿ ‘ಬಯಲು ಶೌಚ ಮುಕ್ತ ಊರು’ ಎಂಬ ದೊಡ್ಡ ಬೋರ್ಡು ಎದ್ದಿತು. ಕೆಂಪಮ್ಮ ಅದನ್ನು ಯಾರಿಂದಲೋ ಓದಿಸಿಕೊಂಡು ಬಂದು ನನ್ನನ್ನು ಕೇಳಿದಳು, “ಅಂಗಾರೆ ನಾನು ಈ ಊರ್ಗೆ ಬರೋದೇ ಇಲ್ವೇನವ್ವ?”

ಆಮೇಲೆ ಹೊಸ ಕೌನ್ಸಿಲ್ ಬಂತು. ಸಾವಿತ್ರಮ್ಮ ಎಂಬುವರು ಅಧ್ಯಕ್ಷರಾದರು. ಅಧ್ಯಕ್ಷಗಿರಿ ಮಾಡಿದವರು ಅವರ ಗಂಡ ಚಿಕ್ಕೇಗೌಡರು. ಸಭೆಯಲ್ಲಿ ಸಾವಿತ್ರಮ್ಮ ನಮಸ್ಕಾರ ಬಿಟ್ಟು ಬೇರೊಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಹಳೆಯ ವಿಷಯವನ್ನು ಮತ್ತೆ ಅಜೆಂಡಾಕ್ಕೆ ತಂದೆ. ಈ ಸಲ ಜಾಗ ಚೆನ್ನಾಗಿತ್ತು, ಮಾರ್ಕೆಟ್ಟಿನ ಮೂಲೆ. ನಮ್ಮ ಇಂಜಿನಿಯರು ತಲೆ ಇದ್ದವರು, ಬಾಗಿಲನ್ನು ಪಶ್ಚಿಮಕ್ಕೆ ಇಟ್ಟಿದ್ದರು. ಆ ಕಡೆ ಮಾರ್ಕೆಟ್ಟಿನ ಹಿಂಗೋಡೆ, ನಡುವೆ ಒಂದು ಓಣಿ. ಹೆಂಗಸರು ಸೊಪ್ಪಿನ ಸಾಲಿನಿಂದ ಎದ್ದು ಯಾರ ಕಣ್ಣಿಗೂ ಬೀಳದೆ ಹೋಗಿ ಬರಬಹುದಿತ್ತು.

ಚಿಕ್ಕೇಗೌಡರು ಪ್ಲಾನನ್ನು ತಿರುವಿ ತಿರುವಿ ನೋಡಿದರು. “ಬಾಗ್ಲು ಪಡುವಕ್ಕಾ? ಬ್ಯಾಡ ಬ್ಯಾಡ. ಅಧ್ಯಕ್ಸರ ಅವಧೀಲಿ ಕಟ್ಟೋ ಮೊದಲ್ನೇ ಕಟ್ಟಡ ಇದು. ಪಡುವಲ್ ಬಾಗ್ಲು ಇವ್ರ ಎಸರಿಗೆ ಆಗಿಬರಕಿಲ್ಲ ಅಂತ ನಮ್ ಜೋಯ್ಸ್ರು ಏಳವ್ರೆ. ಮೂಡಕ್ಕೆ ತಿರುಗ್ಸಿ.”

ನಾನು ಎದ್ದು ನಿಂತೆ. “ಸಾರ್, ಪೂರ್ವಕ್ಕೆ ಆಟೋ ಸ್ಟ್ಯಾಂಡಿದೆ. ಬಾಗಿಲು ಸರಿಯಾಗಿ ಅದಕ್ಕೇ ಎದುರಾಗುತ್ತೆ.”

“ಇದ್ರೆ ಇರ್ಲಿ ಬುಡಿ ಮೇಡಂ. ಆಟೋದೋರೇನ್ ಒಳಿಕ್ ಬಂದಾರಾ?”

ಎಲ್ಲರೂ ನಕ್ಕರು. ಒಂದು ಕಕ್ಕಸಿನ ಬಾಗಿಲಿಗೆ ಜಾತಕ ನೋಡಿದ ಸಭೆ ಅದು. ಯಾರ ಹೆಸರಿಗೆ ಆಗಿಬರಬೇಕೆಂದು ಬಾಗಿಲು ತಿರುಗಿಸಿದರೋ ಆ ಸಾವಿತ್ರಮ್ಮ ಆಗ ಸಭೆಯಲ್ಲಿ ಇರಲಿಲ್ಲ. ರುಜು ಹಾಕಿ ಮನೆಗೆ ಹೋಗಿದ್ದರು. ಇಂಜಿನಿಯರು ನನ್ನ ಕಡೆ ನೋಡಿ ಕೈಚೆಲ್ಲಿದರು. ಸರ್ವಾನುಮತ.

ಕಟ್ಟಡ ಎದ್ದಿತು. ಸಾವಿತ್ರಮ್ಮ ಕಾರಿನಿಂದಿಳಿದು ಟೇಪು ಕತ್ತರಿಸಿ, ಒಳಗೆ ಇಣುಕದೆ ಕಾರು ಹತ್ತಿದರು. ಬೀಗದ ಕೈ ಆರೋಗ್ಯ ಶಾಖೆಯದು ಎಂದು ನನ್ನ ಬ್ಯಾಗಿಗೆ ಬಂತು. ಮೊದಮೊದಲು ದಿನಾ ಬೆಳಗ್ಗೆ ತೆಗೆಸಿದೆ, ಸಂಜೆ ಹಾಕಿಸಿದೆ. ಯಾರೂ ಹೋಗಲಿಲ್ಲ. ಕೆಂಪಮ್ಮನನ್ನು ಕೇಳಿದರೆ ನನ್ನ ಮೇಲೆ ಬೆಂಕಿ ಕಾರಿದಳು.

“ಒಳಿಕ್ ಓಗೋವಾಗ ಅಷ್ಟೂ ಆಟೋದೋರು ನೋಡ್ತರೆ. ಈಚಿಕ್ ಬರೋಗಂಟ ಕಾಯ್ಕೊಂಡು ನೋಡ್ತರೆ. ಅವತ್ತು ಒಬ್ಬ ಮೊಬೈಲ್ ಎತ್ತಿ ಇಡ್ಕೊಂಡಿದ್ದ. ಆ ಬಾಗ್ಲಲ್ಲಿ ಓಗೋಕಿಂತ ಬಾಯಾರ್ಕಂಡು ಕುಂತಿರದೇ ಮೇಲು ಕಣವ್ವ. ಯಾವ ಪುಣ್ಯಾತ್ಮ ಮಡ್ಗುದ್ನೋ ಆ ಬಾಗ್ಲ, ಅವ್ನ್ ಮನೆ ಎಂಗಸ್ರನ್ನ ಒಂದ್ಸಲ ಕಳ್ಸು ಅನ್ನು.”

ಅವಳಿಗೆ ಮತ್ತೆ ಮತ್ತೆ ಜ್ವರ ಬರುತ್ತಿತ್ತು. ಕಾಲು ಊದಿಕೊಳ್ಳುತ್ತಿತ್ತು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಕೂರುತ್ತಿದ್ದಳು. ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸು ಎಂದು ನಾನು ಹೇಳಿದರೆ, ಸೊಪ್ಪು ಯಾರು ಮಾರುತ್ತಾರೆ ಎಂದು ಕೇಳುತ್ತಿದ್ದಳು.

ಇತ್ತ ಅಜೆಂಡಾದಲ್ಲಿ ಹೊಸ ವಿಷಯವೊಂದು ಕಾಣಿಸಿತು. ‘ಮಾರುಕಟ್ಟೆಯ ಮಹಿಳಾ ಶೌಚಾಲಯವನ್ನು ಮಹಿಳೆಯರು ಬಳಸುತ್ತಿಲ್ಲವಾದ್ದರಿಂದ ಸದರಿ ಕಟ್ಟಡವನ್ನು ವಾಣಿಜ್ಯ ಮಳಿಗೆಯಾಗಿ ಪರಿವರ್ತಿಸುವ ಬಗ್ಗೆ.’ ಮೊಬೈಲ್ ಅಂಗಡಿ ಇಡಲು ಚಿಕ್ಕೇಗೌಡರ ಬಾಮೈದ ಅಳತೆ ತೆಗೆದುಕೊಂಡು ಹೋಗಿದ್ದನ್ನು ನಾನೇ ನೋಡಿದ್ದೆ. ಬಳಸಲಾಗದಂತೆ ಕಟ್ಟಿದವರು ಇವರು, ಬಳಸಲಿಲ್ಲ ಎಂಬ ತಪ್ಪು ಹೆಂಗಸರದು!

ಆ ಸಭೆಯ ಹೊತ್ತಿಗೆ ಹೊಸ ಮುಖ್ಯಾಧಿಕಾರಿ ಬಂದಿದ್ದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ಸಭೆ ಶುರುವಾಗುತ್ತಲೇ ಎದ್ದು, “ಸದಸ್ಯರನ್ನ ಬಿಟ್ಟು ಬೇರೆ ಯಾರೂ ಒಳಗೆ ಇರೋ ಹಾಗಿಲ್ಲ. ಮೇಲಿನಿಂದ ಸುತ್ತೋಲೆ ಇದೆ” ಎಂದರು. ಗಂಡಂದಿರು ಜೋರು ಮಾಡಿದರು, ಫೋನ್ ಮಾಡಿಸುತ್ತೇವೆ ಎಂದರು. ಆತ ಕುರ್ಚಿಯಿಂದ ಅಲುಗಾಡಲಿಲ್ಲ. ಕೊನೆಗೆ ಗಂಡಂದಿರೆಲ್ಲ ಹೊರಗೆ ಹೋಗಿ ಕಾರಿಡಾರಿನ ಕಿಟಕಿಗಳಿಗೆ ಮುಖ ಅಂಟಿಸಿ ನಿಂತರು. ಹೆಂಗಸರು ಎದ್ದು ಹೋಗುವಂತಿರಲಿಲ್ಲ, ಹೋದರೆ ಕೋರಂ ಇಲ್ಲದೆ ಸಭೆ ನಿಲ್ಲುತ್ತಿತ್ತು. ಕಾಫಿ ಬಂತು, ಕುಡಿದರು. ಬೀದಿದೀಪದ ವಿಷಯ ಎಳೆಯಿತು, ನೀರಿನ ಪೈಪಿನ ವಿಷಯ ಇನ್ನೂ ಎಳೆಯಿತು.

ಸಾವಿತ್ರಮ್ಮ ಕುರ್ಚಿಯಲ್ಲಿ ಅತ್ತಿತ್ತ ಸರಿಯುತ್ತಿದ್ದರು. ಮುಖ ಬೆವೆತಿತ್ತು. ಕೊನೆಗೆ ನನ್ನತ್ತ ಕಣ್ಣಿನಲ್ಲೇ ಕರೆದರು. ಹತ್ತಿರ ಹೋದೆ.

“ಮೇಡಂ, ಇಲ್ಲಿ... ಎಲ್ಲೈತೆ?”

ಊರಿನ ಪ್ರಥಮ ಪ್ರಜೆ ತನ್ನದೇ ಕಚೇರಿಯಲ್ಲಿ ಪಿಸುಗುಡುತ್ತಾ ಇದನ್ನು ಕೇಳುತ್ತಿದ್ದಾರೆ. ಕಚೇರಿಯಲ್ಲಿ ಇದ್ದದ್ದು ಒಂದೇ ಶೌಚಾಲಯ, ಅದರ ಚಿಲಕ ಮುರಿದಿತ್ತು, ಅದರ ಬಾಗಿಲಿಗೇ ಒರಗಿಕೊಂಡು ಗಂಡಂದಿರ ಗುಂಪು ನಿಂತಿತ್ತು. ನಾನು ಇಷ್ಟು ವರ್ಷ ಹಿಂದಿನ ಬೀದಿಯ ಟೀಚರಮ್ಮನ ಮನೆಗೆ ಹೋಗಿ ಬರುತ್ತಿದ್ದೆ. ಅವರು ಅವತ್ತು ಬೀಗ ಹಾಕಿಕೊಂಡು ಮೈಸೂರಿಗೆ ಹೋಗಿದ್ದರು.

“ಅದುಕ್ಕೇ ಮೇಡಂ ನಾವು ಸೈನ್ ಆಕ್ಬುಟ್ಟು ಮನೆಗ್ ಓಯ್ತಿದ್ದುದ್ದು” ಎಂದರು ಸಾವಿತ್ರಮ್ಮ. ಪಕ್ಕದ ಸದಸ್ಯೆ ತಲೆ ಅಲ್ಲಾಡಿಸಿದರು. “ನಂಗೂ ಓಗ್ಬೇಕು ಮೇಡಂ.”

ಆಸಕ್ತಿಯಿಲ್ಲ, ಭಯ, ಅಡುಗೆಮನೆಯ ಬುದ್ಧಿ, ಎಷ್ಟೆಲ್ಲ ಹೆಸರಿಟ್ಟಿದ್ದರು ಈ ಹೆಂಗಸರಿಗೆ! ಕುರ್ಚಿ ಕೊಟ್ಟವರು ಒಂದು ಚಿಲಕ ಕೊಟ್ಟಿರಲಿಲ್ಲ. ಅಷ್ಟಕ್ಕೇ ಇಡೀ ಊರಿನ ತೀರ್ಮಾನಗಳು ಗಂಡಂದಿರ ಕೈಗೆ ಹೋಗಿದ್ದವು. ನನಗೆ ಬಂದ ಕೋಪಕ್ಕೆ ಕಿವಿಯೆಲ್ಲ ಬಿಸಿಯಾಯಿತು. ಬ್ಯಾಗಿನಿಂದ ಬೀಗದ ಕೈ ತೆಗೆದೆ. “ಬನ್ನಿ ಅಮ್ಮ. ನೀವೇ ಟೇಪು ಕತ್ತರಿಸಿದ್ದು ಒಂದಿದೆಯಲ್ಲ, ಅಲ್ಲಿಗೇ ಹೋಗೋಣ” ಎಂದೆ. ಮುಖ್ಯಾಧಿಕಾರಿಗೆ ಹೇಳಿ ಸ್ವಲ್ಪ ಹೊತ್ತು ಸಭೆ ನಿಲ್ಲಿಸಿದೆವು.

ರಸ್ತೆ ದಾಟಿದರೆ ಮಾರ್ಕೆಟ್ಟು. ಅಧ್ಯಕ್ಷರು, ಇಬ್ಬರು ಸದಸ್ಯೆಯರು, ನಾನು. ಆಟೋದವರು ಅಧ್ಯಕ್ಷರನ್ನು ಕಂಡು ಗೌರವದಿಂದ ಎದ್ದು ನಿಂತರು. ಕೂತೇ ಇದ್ದಿದ್ದರೆ ಅರ್ಧ ಜನ ಮಾತ್ರ ನೋಡುತ್ತಿದ್ದರು, ಎದ್ದ ಮೇಲೆ ಎಲ್ಲರೂ ನೋಡಿದರು. ಒಬ್ಬ ಮುಂದೆ ಬಂದು, “ಏನಮ್ಮೋರೆ, ಇನ್‌ಸ್ಪೆಕ್ಷನ್ನಾ?” ಎಂದ.

“ಊಂ” ಎಂದರು ಸಾವಿತ್ರಮ್ಮ. ನಾನು ಬೀಗ ತೆಗೆದು ಬಾಗಿಲು ತೆರೆದೆ. ಅವರ ಕಾಲು ಮುಂದಕ್ಕೆ ಹೋಗಲಿಲ್ಲ. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಗೋಡೆಯನ್ನು ನೋಡುತ್ತಾ ನಿಂತೇ ಇದ್ದರು. ಕಣ್ಣಲ್ಲಿ ನೀರು ತುಂಬಿತ್ತು.

ಸೊಪ್ಪಿನ ಸಾಲಿನಿಂದ ಕೆಂಪಮ್ಮ ನೋಡುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನೆರಳಿಗೆ ಕಟ್ಟಿದ್ದ ಟಾರ್ಪಾಲನ್ನು ಕಿತ್ತುಕೊಂಡು, ಊದಿದ ಕಾಲಿನಲ್ಲೇ ಕುಂಟುತ್ತಾ ಬಂದಳು. ಹಿಂದೆ ನಾಲ್ಕಾರು ಹೆಂಗಸರು ಬಂದರು. “ಏಯ್, ಆ ಕಡಿಕ್ ತಿರುಕ್ಕೊಳ್ರಲಾ! ಎಂಗಸ್ರನ್ನ ಕಂಡಿಲ್ವೇನ್ರಲಾ?” ಎಂದು ಆಟೋ ಸ್ಟ್ಯಾಂಡಿನ ಕಡೆಗೆ ಕೂಗಿದಳು. ಟಾರ್ಪಾಲನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತರು. “ಓಗವ್ವ, ಓಗು. ಬಿರ್‌ಬಿರ್ನೆ ಓಗು” ಎಂದಳು.

ಸಾವಿತ್ರಮ್ಮ ಒಳಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಕೇಳಿತು, ನೀರಿನ ಸದ್ದು ಕೇಳಲಿಲ್ಲ. ಉದ್ಘಾಟನೆಯ ವಾರದಲ್ಲೇ ನೀರು ನಿಂತಿತ್ತು, ನಾನು ಬರೆದ ಟಿಪ್ಪಣಿಗಳು ಮೇಜಿನ ಮೇಲೇ ಕೂತಿದ್ದವು. ಕೆಂಪಮ್ಮ ಸೊಪ್ಪಿಗೆ ಚಿಮುಕಿಸುವ ಬಕೆಟ್ಟನ್ನು ತರಿಸಿ ಬಾಗಿಲೊಳಗೆ ತಳ್ಳಿದಳು.

ವಾಪಸ್ಸು ಬರುವಾಗ ಸಾವಿತ್ರಮ್ಮ ಒಂದೇ ಪ್ರಶ್ನೆ ಕೇಳಿದರು. “ಇವ್ರು ದಿನಾ ಏನ್ ಮಾಡ್ತರೆ ಮೇಡಂ?” ನೀರು ಕುಡಿಯುವುದಿಲ್ಲ ಎಂದೆ. ಬಾಗಿಲು ಯಾಕೆ ಪೂರ್ವಕ್ಕೆ ಬಂತು ಎಂಬುದನ್ನೂ ಹೇಳಿದೆ.

ಸಭೆ ಮತ್ತೆ ಸೇರಿದಾಗ ಮುಖ್ಯಾಧಿಕಾರಿ ಮಳಿಗೆಯ ವಿಷಯ ಓದಿದರು. ‘ಮಹಿಳೆಯರು ಬಳಸುತ್ತಿಲ್ಲವಾದ್ದರಿಂದ’ ಎನ್ನುವಲ್ಲಿಗೆ ಸಾವಿತ್ರಮ್ಮ ಕೈ ಎತ್ತಿದರು. “ಬಳಸಕ್ಕೆ ಆಗಕಿಲ್ಲ, ಅದುಕ್ಕೆ ಬಳಸ್ತಿಲ್ಲ. ಅಂಗಡಿ ಗಿಂಗಡಿ ಬ್ಯಾಡ. ಬಾಗ್ಲು ಪಡುವಕ್ಕೆ ಮಡಗ್ಸಿ. ನೀರು ಕೊಡ್ಸಿ. ಈ ಆಪೀಸಲ್ಲೂ ನಮ್ಗೊಂದು ಕಟ್ಸಿ.”

ಕಿಟಕಿಯಿಂದ ಚಿಕ್ಕೇಗೌಡರು ಕೂಗಿದರು. “ಏಯ್ ಸಾವಿತ್ರಿ! ಮನೇಲಿ ಏನಂತ ಏಳಿದ್ದೆ ನಿಂಗೆ?”

“ಆಚೆ ನಿಂತಿದ್ದೀರಲ್ಲ, ಆಚೆನೇ ನಿಂತಿರಿ” ಎಂದರು ಆಕೆ, ತಿರುಗಿ ಕೂಡ ನೋಡದೆ. ಈ ಸಲವೂ ಗೆದ್ದು ಬಂದಿದ್ದ ಹೋಟೆಲಿನ ಸದಸ್ಯರು ವಿರೋಧ ಬರೆಸಿದರು. ಇನ್ನೂ ಇಬ್ಬರು ಬರೆಸಿದರು. ಹೆಂಗಸರೆಲ್ಲ ಕೈ ಎತ್ತಿದರು. ನನ್ನ ನೌಕರಿಯಲ್ಲಿ ಸರ್ವಾನುಮತವಿಲ್ಲದೆ ಪಾಸಾದ ಮೊದಲ ತೀರ್ಮಾನ ಅದು.

ಕಥೆ ಇಲ್ಲಿಗೆ ಮುಗಿಯಿತು, ಹೆಂಗಸರು ಗೆದ್ದರು ಎಂದು ಚಪ್ಪಾಳೆ ತಟ್ಟಬೇಡಿ. ತೀರ್ಮಾನವಾದ ಮೇಲೂ ಆ ಗೋಡೆ ಹಾಗೆಯೇ ನಿಂತಿತ್ತು. ಅಂದಾಜುಪಟ್ಟಿ ಮದ್ದೂರಿಗೆ ಹೋಗಿದೆ ಎಂದರು, ಮಂಡ್ಯದಿಂದ ಬಂದಿಲ್ಲ ಎಂದರು, ಕಂಟ್ರಾಕ್ಟರಿಗೆ ಹುಷಾರಿಲ್ಲ ಎಂದರು. ಚಿಕ್ಕೇಗೌಡರು ಹೆಂಡತಿಯ ವಿರುದ್ಧವೇ ಅವಿಶ್ವಾಸಕ್ಕೆ ರುಜು ಸಂಗ್ರಹಿಸುತ್ತಿದ್ದಾರೆ ಎಂಬ ಸುದ್ದಿಯೂ ಹಬ್ಬಿತು. ಕೊನೆಗೊಂದು ದಿನ ಸಾವಿತ್ರಮ್ಮ ಮಾರ್ಕೆಟ್ಟಿಗೆ ಕುರ್ಚಿ ತರಿಸಿಕೊಂಡು ಸೊಪ್ಪಿನ ಸಾಲಿನ ಪಕ್ಕ ಕೂತರು. ಪಶ್ಚಿಮದ ಗೋಡೆ ಒಡೆಯುವವರೆಗೆ ಏಳುವುದಿಲ್ಲ ಎಂದರು. ಅವತ್ತು ಹಾರೆ ಬಿತ್ತು. ಪೂರ್ವದ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿದರು, ನಲ್ಲಿಗೆ ನೀರು ಬಂತು.

ಮೊದಲು ಒಳಗೆ ಹೋಗಬೇಕಾದವಳು ಕೆಂಪಮ್ಮ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅವಳ ಜಾಗದಲ್ಲಿ ಸೊಸೆ ಕೂತಿದ್ದಳು. “ಅತ್ತೆ ಮಂಡ್ಯ ಆಸ್ಪತ್ರೆಲವ್ರೆ ಮೇಡಂ. ಕಿಡ್ನಿ ಓಗದೆ ಅಂತವ್ರೆ. ವಾರ ವಾರ ರಕ್ತ ತೊಳುಸ್ಬೇಕು.”

ಸಂಜೆಯ ಬಸ್ಸಿಗೆ ಮಂಡ್ಯಕ್ಕೆ ಹೋದೆ. ಅಲ್ಲಿಯ ಡಾಕ್ಟರನ್ನು ಕೇಳಿದೆ. ಇದೊಂದೇ ಕಾರಣ ಎಂದು ಹೇಳಲಾಗುವುದಿಲ್ಲ, ಬಿಪಿ ಇದೆ, ಸೋಂಕು ಪದೇ ಪದೇ ಆಗಿದೆ, ನೀರು ಕುಡಿಯದೆ ಇದ್ದದ್ದೂ ಸೇರಿದೆ ಎಂದರು. ಅವರು ನ್ಯಾಯವಾಗಿಯೇ ಹೇಳಿದರು. ನಮ್ಮ ಸಭೆಯವರು ಕೇಳಿದ್ದರೆ ಇದೊಂದೇ ಕಾರಣವಲ್ಲ ಎಂಬಷ್ಟನ್ನೇ ಹಿಡಿದುಕೊಂಡು ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಕೆಂಪಮ್ಮ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ತೋಳಿಗೆ ಬ್ಯಾಂಡೇಜು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನನ್ನನ್ನು ಕಂಡು ನಕ್ಕಳು.

“ಬಾಗ್ಲು ತಿರುಗ್ಸುದ್ರಂತಲ್ಲವ್ವ. ಸೊಸೆ ಏಳುದ್ಲು.”

“ಹೂಂ ಕಣೇ. ನೀನು ಬಂದು ನೋಡ್ಬೇಕು.”

“ನಾ ಬಂದು ಏನ್ ಮಾಡ್ಲಿ? ಆಗ ನೀರ್ ಕುಡಿ ನೀರ್ ಕುಡಿ ಅಂದ್ರು, ಓಗಕ್ಕೆ ಜಾಗ ಇರ್ನಿಲ್ಲ. ಈಗ ಜಾಗ ಮಾಡವ್ರೆ, ನೀರು ಅಳ್ದು ಕುಡೀಬೇಕಂತೆ. ಬಾಯ್ತುಂಬ ಒಂದ್ ಲೋಟ ಕುಡಿಯಂಗಿಲ್ಲ ಕಣವ್ವ. ಉಚ್ಚೆನೂ ಬರಕಿಲ್ಲ ಈಗ.”

ಅವಳ ಕೈ ಹಿಡಿದುಕೊಂಡು ಕೂತೆ. ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ಬ್ಯಾಗಿನಲ್ಲಿದ್ದ ನೀರಿನ ಬಾಟಲಿಯನ್ನು ಮುಟ್ಟಲಾಗಲಿಲ್ಲ.

ಫೋನ್ ಮಾಡಿದ್ದ ಹುಡುಗಿಗೆ ನಾನು ಕೊಟ್ಟ ಉತ್ತರ ತಪ್ಪು. ಅದನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ನೋಡಮ್ಮ, ಮೀಟಿಂಗಿಗೆ ಹೋಗುವ ಮುಂಚೆ ಹೊಟ್ಟೆ ತುಂಬ ನೀರು ಕುಡಿದು ಹೋಗು. ಸಭೆಯ ನಡುವೆ ಎದ್ದು ನಿಂತು, ಹೆಂಗಸರು ಹೋಗುವ ಜಾಗ ಎಲ್ಲಿದೆ ಎಂದು ಗಟ್ಟಿಯಾಗಿ ಕೇಳು. ಯಾರದೋ ಕಿವಿಯಲ್ಲಿ ಪಿಸುಗುಡಬೇಡ, ಇಡೀ ಸಭೆಗೆ ಕೇಳುವಂತೆ ಕೇಳು. ಅವರು ತೋರಿಸುವವರೆಗೆ ಕೂರಬೇಡ.